ಹುಸೇನಮ್ಮನ ಮಾಫಿ

ಹುಸೇನಮ್ಮನಿಗೆ ಯಾರ ಮೇಲೆ ಸಿಟ್ಟು ಬಂದಿದೆಯೆಂದು ತಿಳಿಯಬೇಕಾದರೆ ಆಕೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಹಳೆಯ ಗಾದಿಯನ್ನು ಬಿಚ್ಚಿ, ಗಂಟುಗಂಟಾದ ಅರಳೆಯನ್ನು ಚಾಪೆಯ ಮೇಲೆ ಹರವಿ, ಸೆರಗನ್ನು ಬಾಯಿ ಮೂಗಿಗೆ ಸುತ್ತಿಕೊಂಡು ಬೆತ್ತದಿಂದ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಒಬ್ಬೊಬ್ಬರ ಹೆಸರು. "ಇದು ನಲ್ಲಿ ಬಂದ್ ಮಾಡಿದ ಮುನ್ಸಿಪಾಲ್ಟಿಯೋನಿಗೆ. ಇದು ಅಕ್ಕಿಗೆ ಕಲ್ಲು ಬೆರೆಸಿದ ಅಂಗಡಿಯೋನಿಗೆ. ಇದು ನಮ್ಮನಿಯೋನಿಗೆ, ನಿನ್ನೆ ಉಣ್ಣಾಕೆ ಬರ್ತೀನಂದು ಹರಿಹರದಾಗೆ ಹರಟೆ ಹೊಡಕೋತ ಕೂತೋನಿಗೆ." ಆ ಮನೆಯಾತ, ಇಮಾಮ್ ಸಾಬ್, ಪಕ್ಕದ ಕಟ್ಟೆಯ ಮೇಲೆ ಬೀಡಿ ಸೇದುತ್ತಾ, ತನ್ನ ಪಾಲಿನ ಏಟು ಬಂದಾಗ ಬೆನ್ನು ಸವರಿಕೊಂಡು ನಗುತ್ತಿದ್ದ.

ನಾನು ಮದುವೆಯಾಗಿ ದಾವಣಗೆರೆಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ನನ್ನ ಯಜಮಾನರು ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮಗೂ ಹುಸೇನಮ್ಮನಿಗೂ ನಡುವೆ ಒಂದೇ ಗೋಡೆ. ಅವರು ಪಿಂಜಾರರು, ಹತ್ತಿ ಹಿಂಜಿ ಗಾದಿ ದಿಂಬು ಹೊಲಿಯುವ ಮನೆತನ. ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುತ್ತಿದ್ದರು. ಹುಸೇನಮ್ಮನ ಬಾಯಲ್ಲಿ ಉರ್ದು ಬರುತ್ತಿದ್ದದ್ದು ನೆಂಟರ ಮದುವೆಯಲ್ಲಿ ಮತ್ತು ತೀರಾ ಸಿಟ್ಟು ಬಂದಾಗ. ಎತ್ತರದ ಹೆಂಗಸು. ಅರಳೆಯ ಧೂಳು ಹುಬ್ಬಿನ ಮೇಲೆ ಕೂತು, ಇದ್ದ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಾಗಿ ಕಾಣುತ್ತಿದ್ದಳು. ಒಬ್ಬಳೇ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದರು.

ನಾನು ಬಂದ ಮೊದಲನೆಯ ವಾರವೇ ನಮ್ಮ ಮನೆಗೆ ನುಗ್ಗಿ, ನನ್ನ ದಿಂಬನ್ನು ಹಿಸುಕಿ ನೋಡಿದಳು. "ಇದು ದಿಂಬೇನ್ರಿ ಅಕ್ಕೋರೆ? ಇಟ್ಟಿಗೆ. ಇದರ ಮ್ಯಾಲೆ ಮಲಗಿ ಎದ್ದು ಹೋಗಿ ಮಕ್ಕಳಿಗೆ ಏನ್ ಪಾಠ ಹೇಳ್ತೀರಿ? ಹೊಡೀತೀರಿ ಅಷ್ಟೆ." ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುವುದು ವಾಡಿಕೆ. ದಿಂಬನ್ನು ಬಗಲಲ್ಲಿ ಇಟ್ಟುಕೊಂಡು ಹೋದವಳು ಸಂಜೆ ಹೊಸದರಂತೆ ಮಾಡಿ ತಂದುಕೊಟ್ಟಳು. ನಾಳೆ ಕೊಡುತ್ತೇನೆಂದರೆ ನಾಳೆಯೇ ಕೊಡುವ ಹೆಂಗಸು ಆಕೆ. "ಆಡಿದ ಮಾತು ಗಾದಿ ಅಲ್ರಿ, ಬಿಚ್ಚಿ ಮತ್ತೆ ಹೊಲಿಯಾಕೆ" ಎನ್ನುತ್ತಿದ್ದಳು. ಈ ಮಾತನ್ನು ಆಕೆ ನಂಬಿದ್ದಳು. ಎಲ್ಲರೂ ನಂಬುತ್ತಾರೆಂದು ತಿಳಿದಿದ್ದಳು. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಆ ಕಾರಣಕ್ಕೆ.

ಇಮಾಮ್ ಸಾಬ್ ಹೆಂಡತಿಗೆ ತದ್ವಿರುದ್ಧ. ಸಿಟ್ಟೇ ಇಲ್ಲದ, ಬಾಯಿಗೆ ಬೀಗವೂ ಇಲ್ಲದ ಮನುಷ್ಯ. ಮದುವೆಯ ಕಾಲ ಬಂತೆಂದರೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹರಿಹರ, ನಂದಿಗುಡಿ, ಉಕ್ಕಡಗಾತ್ರಿ ಎಂದು ಹೊಳೆಸಾಲಿನ ಹಳ್ಳಿಗಳಲ್ಲಿ ತಿರುಗುತ್ತಿದ್ದ; ಅಲ್ಲಿನವರ ಬಾಯಲ್ಲಿ ಅವನು ಸಾಬಣ್ಣ. ಮದುವೆ ಮನೆಗಳಲ್ಲಿ ಹೊಸ ಗಾದಿ ಆಗಲೇಬೇಕಲ್ಲ. ಹೆಣ್ಣಿನ ಮನೆಯಲ್ಲೂ ಕೂತು ಹಿಂಜುವವನು ಅವನೇ, ಗಂಡಿನ ಮನೆಯಲ್ಲೂ ಅವನೇ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಊರ ಸುದ್ದಿ ಹೇಳುತ್ತಿತ್ತು.

ಹೀಗೇ ಒಮ್ಮೆ ನಂದಿಗುಡಿ ಕಡೆಯ ಒಂದು ಹಳ್ಳಿಯ ಹುಡುಗಿಯ ವಿಷಯವನ್ನು ಗಂಡಿನ ಮನೆಯಲ್ಲಿ ಹೇಳಿದ. ಚಾಡಿ ಹೇಳಿದ್ದಲ್ಲ, ಹೊಗಳಿದ್ದು. "ಬಂಗಾರದಂಥ ಹುಡುಗಿ. ಸಣ್ಣಾಕಿದ್ದಾಗ ಮೂರ್ಛೆ ಬರ್ತಿತ್ತು, ಪಾಪ. ಈಗ ಏನೂ ಇಲ್ಲ, ಗಟ್ಟಿ ಆಗ್ಯಾಳೆ." ಇಷ್ಟೇ. ಚಪ್ಪರ ಹಾಕುವ ಹೊತ್ತಿಗೆ ಮದುವೆ ಮುರಿದುಬಿತ್ತು. ಹುಡುಗಿಯ ತಮ್ಮ ತಿಪ್ಪೇಶ, ಇಪ್ಪತ್ತರ ಆಸುಪಾಸಿನ ಹುಡುಗ, ಒಂದು ವಾರ ಅನ್ನ ಬಿಟ್ಟು ಕೂತಿದ್ದನಂತೆ. ಆಮೇಲೆ ಕೊಡಲಿ ತೆಗೆದುಕೊಂಡು ಹೊಲದ ಹಾದಿಯಲ್ಲಿ ಕಾದ. ಇಮಾಮ್ ಸಾಬ್ ಬಿಲ್ಲು ಹೊತ್ತುಕೊಂಡು ಬಂದ. ಒಂದೇ ಏಟು. ತಿಪ್ಪೇಶ ಓಡಿಹೋಗಲಿಲ್ಲ, ಆ ಕೊಡಲಿಯನ್ನು ಹಿಡಿದುಕೊಂಡೇ ಹರಿಹರದ ಸ್ಟೇಷನ್ನಿಗೆ ನಡೆದ.

ಹೆಣ ನಮ್ಮ ಓಣಿಗೆ ಬಂದ ದಿನ ಹುಸೇನಮ್ಮ ಅತ್ತ ರೀತಿಯನ್ನು ನಾನು ಬರೆಯಲಾರೆ. ತಿಪ್ಪೇಶನ ವಂಶಕ್ಕೆ ಬೆಂಕಿ ಬೀಳಲೆಂದು ಮಣ್ಣು ತೂರಿದಳು. ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಸರ್ಕಾರದ ವಕೀಲರು ಆಕೆಯ ಕಡೆ ಕೈ ತೋರಿಸಿ, ಈ ಅಬಲೆಯ ಕಣ್ಣೀರಿಗೆ ಉತ್ತರ ಬೇಕು ಎಂದು ಜಡ್ಜರಿಗೆ ಹೇಳಿದರಂತೆ. ಕಾದು ಕುಳಿತು ಮಾಡಿದ ಕೊಲೆ, ಆದ್ದರಿಂದ ಗಲ್ಲು ಎಂದು ತೀರ್ಪಾಯಿತು.

ಆ ಸಂಜೆ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಹಿಂದೂಗಳೂ ಹಂಚಿದರು, ಮುಸಲ್ಮಾನರೂ ಹಂಚಿದರು. ಬೇರೆ ಯಾವುದಕ್ಕೂ ಒಟ್ಟಾಗದ ಜನ ಇದಕ್ಕೆ ಒಟ್ಟಾದರು. ಚಹಾದಂಗಡಿಯ ಮುಂದೆ ಒಬ್ಬ, ನಡುಬೀದಿಯಲ್ಲೇ ನೇತು ಹಾಕಬೇಕಿತ್ತು, ಎಲ್ಲರೂ ನೋಡಬೇಕಿತ್ತು ಎಂದ. ಅವನು ಮನೆಯಲ್ಲಿ ಕೋಳಿ ಕೊಯ್ಯುವುದನ್ನು ನೋಡಲಾರದೆ ಹೊರಗೆ ಹೋಗಿ ನಿಲ್ಲುವ ಪೈಕಿ. ತಟ್ಟೆ ಹಿಡಿದುಕೊಂಡು ಹುಸೇನಮ್ಮನ ಮನೆಗೂ ಬಂದರು. ಆಕೆ ತಟ್ಟೆಗೆ ಕೈಯಿಂದ ಹೊಡೆದಳು. ಸಕ್ಕರೆಯೆಲ್ಲ ಅಂಗಳದ ಮಣ್ಣಿಗೆ.

"ಏನು ಹಬ್ಬಾನಾ?" ಎಂದಳು. "ನನ್ನ ಗಂಡ ಎದ್ದು ಬಂದ್ನಾ? ಇನ್ನೊಂದು ಹೆಣ ಬೀಳ್ತೈತೆ ಅಂತ ಬಾಯಿ ಸಿಹಿ ಮಾಡ್ಕೋತೀರಾ? ಮುಚ್ಚಿಕೊಂಡು ಹೋಗ್ರಿ ಮನೀಗೆ."

ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಓಣಿ ತೀರ್ಮಾನಿಸಿತು. ಓಣಿಗೆ ಬೇಕಾಗಿದ್ದದ್ದು ಅಳುವ ವಿಧವೆ. ಬಯ್ಯುವ ವಿಧವೆಯನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ.

ಅದಾದ ಕೆಲವು ದಿನಕ್ಕೆ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ಮೊದಲನೆಯ ಬಸ್ಸಿಗೆ ಒಬ್ಬ ಹಳ್ಳಿ ಹೆಂಗಸು ಬಂದು ಹುಸೇನಮ್ಮನ ಮನೆಯ ಎದುರಿಗೆ ಚರಂಡಿಯ ಅಂಚಿನಲ್ಲಿ ಕೂತಳು. ಕಟ್ಟೆಯ ಮೇಲೆ ಕೂರಲಿಲ್ಲ. ಯಾರೆಂದು ಕೇಳಿದ್ದಕ್ಕೆ, ತಿಪ್ಪೇಶನ ತಾಯಿ ಗಂಗವ್ವ ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಹುಸೇನಮ್ಮ ಹೊರಗೆ ಬಂದು ನೋಡಿದಳು.

"ಯಾಕ ಬಂದಿ?"

"ನನ್ನ ಮಗ ಮಾಡಿದ್ದು ತಪ್ಪು ಯವ್ವಾ. ಬಿಡು ಅಂತ ಕೇಳಾಕೆ ನನಗೆ ಬಾಯಿಲ್ಲ. ನಿನ್ನ ಮುಖ ನೋಡಿ ಹೋಗಾನ ಅಂತ ಬಂದೆ."

"ನೋಡಿದ್ಯಲ್ಲ. ಹೋಗು."

ಗಂಗವ್ವ ಹೋಗಲಿಲ್ಲ. ಹುಸೇನಮ್ಮ ಬೆತ್ತ ತೆಗೆದುಕೊಂಡು ಅರಳೆ ಬಡಿಯಲು ಕೂತಳು. ಆವತ್ತು ಒಂದು ಏಟಿಗೂ ಯಾರ ಹೆಸರನ್ನೂ ಹೇಳಲಿಲ್ಲ. ಬಿಸಿಲು ಏರಿತು, ನೆರಳು ಗಂಗವ್ವನನ್ನು ಬಿಟ್ಟು ಹೋಯಿತು, ಅವಳು ಸೆರಗನ್ನು ತಲೆಗೆ ಎಳೆದುಕೊಂಡು ಹಾಗೇ ಇದ್ದಳು. ಊಟದ ಹೊತ್ತಿಗೆ ಹುಸೇನಮ್ಮ ಬೆತ್ತ ಬಿಸಾಕಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವಳ ಮುಂದೆ ಕುಕ್ಕಿದಳು.

"ಕುಡಿ. ನನ್ನ ಬಾಗಿಲಾಗೆ ಸಾಯಬ್ಯಾಡ. ಮಗ ಉಣ್ತಾನಾ ಅಲ್ಲಿ?"

"ಗೊತ್ತಿಲ್ಲ ಯವ್ವಾ. ಕೇಳಿದ್ರೆ ಹೂಂ ಅಂತಾನೆ."

ಗಂಗವ್ವ ನೀರು ಕುಡಿದಳು. ಆ ಕಡೆಯ ಹಳ್ಳಿಗಳಲ್ಲಿ ಹಗೆಯಾದ ಮನೆಯ ನೀರು ಕುಡಿದರೆ ಹಗೆ ಅರ್ಧ ಮುರಿದಂತೆ. ಓಣಿಯವರು ಕಿಟಕಿಯಿಂದ ನೋಡುತ್ತಿದ್ದರು.

ಮರುದಿನ ಹುಸೇನಮ್ಮ ನನ್ನ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು: "ಅಕ್ಕೋರೆ, ನನ್ನ ಗಂಡ ಸಾಯ್ತಾನೆ ಅಂತ ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಸುದ್ದಿ ಬಂತು, ಎದಿ ಒಡೀತು, ಮುಗೀತು. ಆಕೀಗೆ ತಾರೀಖು ಹಾಕಿ ಹೇಳ್ತಾರಂತಲ್ರಿ, ನಿನ್ನ ಮಗನ್ನ ಇಂಥಾ ದಿನ, ಇಂಥಾ ಹೊತ್ತಿಗೆ ಕೊಲ್ತೀವಿ ಅಂತ. ತಿಪ್ಪೇಶ ಕೂಡ ನನಗೆ ಹಂಗೆ ಮಾಡಲಿಲ್ಲ. ಇದು ಯಾವ ಸೀಮೆ ಇನ್ಸಾಫ್, ಯಾವ ಸೀಮೆ ನ್ಯಾಯ?"

ಇದಕ್ಕೆ ಉತ್ತರ ಇದೆ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಅಷ್ಟರಲ್ಲಿ ನನಗೆ ತಿಂಗಳು ತುಂಬುತ್ತಾ ಬಂದು, ಬಾಣಂತನಕ್ಕೆಂದು ತವರಿಗೆ ಹೋದೆ. ಮಗುವನ್ನು ಎತ್ತಿಕೊಂಡು ದಾವಣಗೆರೆಗೆ ಮರಳುವ ಹೊತ್ತಿಗೆ ಹುಸೇನಮ್ಮನ ಮುಖ ಕಳೆಕಳೆಯಾಗಿತ್ತು. ನನ್ನ ಮಗಳಿಗೆ ಅಂಗೈಯಗಲದ ದಿಂಬು ಹೊಲಿದಿಟ್ಟಿದ್ದಳು. "ಎಲ್ಲಾ ಮುಗೀತ್ರಿ ಅಕ್ಕೋರೆ. ಮಾಫ್ ಮಾಡಿಬಿಟ್ಟೆ" ಎಂದಳು.

ನಡೆದದ್ದು ಇಷ್ಟು. ಆಕೆ ಮಸೀದಿಯ ಹಿರಿಯರನ್ನು ಹೋಗಿ ಕೇಳಿದಳು. ಕೊಲೆಯಾದವನ ವಾರಸುದಾರರು ಕೊಂದವನನ್ನು ಕ್ಷಮಿಸಬಹುದು, ಕ್ಷಮಿಸಿದರೆ ಅವನ ತಲೆ ಉಳಿಯುತ್ತದೆ, ನಮ್ಮ ಧರ್ಮದಲ್ಲಿ ಹಾಗಿದೆ ಎಂದು ಅವರು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ರಾಣೆಬೆನ್ನೂರಿನ ಮಗಳೂ ಒಪ್ಪಿದಳು. ಆ ಕಡೆ ಹಳ್ಳಿಯ ಗೌಡರು, ಹೆಣ ಬಿದ್ದ ಮನೆಯವರೇ ಬಿಟ್ಟರೆ ಇನ್ನು ಕೇಳುವವರು ಯಾರು ಎಂದರು. ಎರಡೂ ಕಡೆಯವರು ಹರಿಹರದಲ್ಲಿ ಹೊಳೆಯ ದಂಡೆಯ ಮರದ ಕೆಳಗೆ ಕೂಡಿದರು. ಹುಸೇನಮ್ಮ ಎದ್ದು ನಿಂತು, "ನನ್ನ ಗಂಡನ ರಕ್ತ ನಾನು ಬಿಟ್ಟೀನಿ. ಇನ್ನು ಯಾರೂ ಕೇಳಂಗಿಲ್ಲ" ಎಂದಳು. ಗಂಗವ್ವ ಕಾಲಿಗೆ ಬಿದ್ದಳು. ಎಲ್ಲರೂ ಮಂಡಕ್ಕಿ ಬೆಲ್ಲ ತಿಂದು ಎದ್ದರು.

"ಕೋರ್ಟಿಗೆ ತಿಳಿಸಿದ್ರಾ?" ಎಂದೆ.

"ಕೋರ್ಟಿಗ್ಯಾಕ್ರಿ? ಸತ್ತೋನು ಕೋರ್ಟಿನ ಗಂಡನಾ?"

ಗಲ್ಲಿನ ತೀರ್ಪು ತಾನೇ ತಾನಾಗಿ ಹೈಕೋರ್ಟಿಗೆ ಹೋಗುತ್ತದೆಂದು ನನ್ನ ಯಜಮಾನರು ಹೇಳಿದ್ದು ನೆನಪಿತ್ತು. ಗಂಗವ್ವನ ಕಡೆಯವರು ಅಲ್ಲಿ ವಕೀಲರನ್ನು ಇಟ್ಟಿದ್ದಾರೆಯೇ ಎಂದು ವಿಚಾರಿಸಿದೆವು. ಇಡಲಿದ್ದವರು ಬಿಟ್ಟುಬಿಟ್ಟಿದ್ದರು. ಯಾಕೆಂದು ಕೇಳಿದ್ದಕ್ಕೆ ಗೌಡರು ಕೊಟ್ಟ ಕಾರಣವನ್ನು ನಾನು ಸಾಯುವತನಕ ಮರೆಯುವುದಿಲ್ಲ: "ಆಯಮ್ಮ ಮಾಫ್ ಮಾಡೀನಿ ಅಂದ ಮ್ಯಾಲೆ ಮತ್ತೆ ಕೋರ್ಟಿಗೆ ಹೋದ್ರೆ, ಆಯಮ್ಮನ ಮಾತಿಗೆ ಬೆಲೆ ಕೊಡದಂಗಾಗ್ತೈತಲ್ರಿ ಅಕ್ಕೋರೆ. ಅದು ಮರ್ಯಾದಿ ಅಲ್ಲ."

ಮರ್ಯಾದೆ! ಹುಡುಗ ಬರುತ್ತಾನೆಂದು ಗಂಗವ್ವ ಮನೆಗೆ ಸುಣ್ಣ ಬಳಿದಿದ್ದಳು. ಸಂತೆಯ ದಿನಗಳಲ್ಲಿ ಹರಿಹರಕ್ಕೆ ಬಂದರೆ, ಕೊನೆಯ ಬಸ್ಸಿನವರೆಗೂ ಕಾದು, ಇಳಿಯುವವರ ಮುಖ ನೋಡಿ ಹೋಗುತ್ತಿದ್ದಳಂತೆ. ನಾವು ವಿಚಾರಿಸುವಷ್ಟರಲ್ಲಿ ಅತ್ತ ಹೈಕೋರ್ಟಿನಲ್ಲಿ ತಿಪ್ಪೇಶನ ಕಡೆಯಿಂದ ಸರ್ಕಾರವೇ ಕೊಟ್ಟ ಒಬ್ಬ ವಕೀಲರು ಎದ್ದು ನಿಂತು ಕೂತಿದ್ದರು. ಅವರಿಗೆ ಹೊಳೆದಂಡೆಯ ಮರದ ವಿಷಯ ಯಾರು ಹೇಳಬೇಕು? ಗಲ್ಲು ಖಾಯಂ ಆಯಿತು.

ಅಂದಿನಿಂದ ನಾವು ಮೂವರು ಹೆಂಗಸರು ಬಾಗಿಲು ಬಾಗಿಲು ತಿರುಗಿದೆವು. ನನ್ನ ಕಂಕುಳಲ್ಲಿ ಮಗು. ಪೇಟೆಯ ದೊಡ್ಡ ವಕೀಲರೊಬ್ಬರು, ಒಳ್ಳೆಯವರೇ, ಕೂಡ್ರಿ ಎಂದು ಬೆಂಚು ತೋರಿಸಿದರು.

"ನೋಡಮ್ಮ, ನೀನು ಕ್ಷಮಿಸಾಕೆ ಇದು ನಿನ್ನ ಕೇಸಲ್ಲ. ಸರ್ಕಾರಕ್ಕೂ ತಿಪ್ಪೇಶನಿಗೂ ಇರೋ ಕೇಸು. ನೀನು ಬರೀ ಸಾಕ್ಷಿ."

"ಸರ್ಕಾರದ ಗಂಡನ್ನ ಕೊಂದ್ನೇನ್ರಿ ಅವನು?" ಎಂದಳು ಹುಸೇನಮ್ಮ.

"ಸಮಾಜದ ವಿರುದ್ಧ ಅಪರಾಧ ಅಂತ ಕಾನೂನು."

"ರಂಡಿ ಮುಂಡಿ ಆಗಿದ್ದು ನಾನು. ಸಮಾಜ ಸಕ್ಕರಿ ತಿಂತು."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ರಾಜ್ಯಪಾಲರಿಗೆ, ಆಮೇಲೆ ರಾಷ್ಟ್ರಪತಿಗಳಿಗೆ ದಯಾ ಅರ್ಜಿ ಹಾಕಿಕೊಳ್ಳಬಹುದು ಎಂದು ದಾರಿ ಹೇಳಿದರು. ಅರ್ಜಿಯನ್ನು ನಾನೇ ಬರೆದೆ. ಹುಸೇನಮ್ಮ ಹೇಳಿದ್ದನ್ನು ಹೇಳಿದಂತೆಯೇ ಬರೆದು, ಬೈಗುಳಗಳನ್ನು ಮಾತ್ರ ತೆಗೆದೆ. ಹೆಬ್ಬೆಟ್ಟು ಒತ್ತುವಾಗ ಆಕೆ ಎಷ್ಟು ಬಲವಾಗಿ ಒತ್ತಿದಳೆಂದರೆ ಹಾಳೆ ಹರಿದು, ಮತ್ತೊಮ್ಮೆ ಬರೆಯಬೇಕಾಯಿತು.

ವಿಚಾರಣೆಗೆಂದು ಕರೆಸಿದ ಸಾಹೇಬರೊಬ್ಬರು ಆಕೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲನೆಯ ಪ್ರಶ್ನೆ, "ಏನಮ್ಮಾ, ಎಷ್ಟು ಕೊಟ್ಟರು?" ಎರಡನೆಯದು, "ಹೆದರಿಸಿದ್ದಾರಾ?" ತಿಪ್ಪೇಶನ ವಂಶಕ್ಕೆ ಬೆಂಕಿ ಬೀಳಲೆಂದು ಅತ್ತಾಗ ಈ ಎರಡು ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಆಗ ಆಕೆಯ ಕಣ್ಣೀರು ಶುದ್ಧವಾಗಿತ್ತು. ಗಲ್ಲು ಬೇಡ ಎಂದ ಕೂಡಲೇ ಆಕೆಯನ್ನು ಯಾರೋ ಕೊಂಡಿರಬೇಕು. ಹುಸೇನಮ್ಮ ಉರ್ದುವಿನಲ್ಲಿ ಏನೋ ಅಂದಳು. ಸಾಹೇಬರಿಗೆ ಉರ್ದು ಬರದಿದ್ದದ್ದು ನಮ್ಮ ಪುಣ್ಯ.

ಅರ್ಜಿ ಮೇಲೆ ಹೋಗಿದ್ದ ದಿನಗಳಲ್ಲಿ ನಾವು ತಿಪ್ಪೇಶನನ್ನು ನೋಡಲು ರೈಲು ಹತ್ತಿ ದೂರದ ಜೈಲಿಗೆ ಹೋದೆವು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟಿದ್ದೆ. ಗೇಟಿನಲ್ಲಿ ಗುಮಾಸ್ತ, ಕೈದಿಗೂ ನಿಮಗೂ ಏನು ಸಂಬಂಧ ಎಂದು ಒಬ್ಬೊಬ್ಬರನ್ನೇ ಕೇಳಿದ. ಗಂಗವ್ವ ತಾಯಿ ಎಂದಳು. ಹುಸೇನಮ್ಮ, "ಇವನು ಕೊಂದನಲ್ಲ, ಆ ಮನುಷ್ಯಾನ ಹೆಂಡ್ತಿ" ಎಂದಳು. ಗುಮಾಸ್ತನ ಕೈ ನಿಂತಿತು. ಅಂಥ ಸಂಬಂಧದವರನ್ನು ಒಳಗೆ ಬಿಡುವ ಪದ್ಧತಿ ಇಲ್ಲ ಎಂದ. ಆಗ ಗಂಗವ್ವ ಮುಂದೆ ಬಂದು, "ನನ್ನ ತಂಗಿ ಅಂತ ಬರ್ಕೊಳ್ರಿ" ಎಂದಳು. ಅವನು ಗಂಗವ್ವನ ಹಣೆಯ ವಿಭೂತಿಯನ್ನೂ ಹುಸೇನಮ್ಮನ ಮುಖವನ್ನೂ ನೋಡಿದ. ಬರೆದುಕೊಂಡ; ಅರ್ಜಿ ಬರೆದವಳೆಂದು ನನ್ನನ್ನೂ ಬಿಟ್ಟ. ನಾನು ಕಂಡ ಸರ್ಕಾರದಲ್ಲಿ ಮನುಷ್ಯನಂತೆ ನಡೆದುಕೊಂಡವನು ಅವನೊಬ್ಬ.

ಗಲ್ಲಿನವರ ಕೋಣೆಗಳು ಬೇರೆ ಸಾಲಿನಲ್ಲಿದ್ದವು. ಸರಳಿನ ಬಾಗಿಲು, ಮುಂದೆ ಹಗಲಿರುಳೂ ಕದಲದ ಕಾವಲಿನವನು. ದೀಪ ಆರಿಸುವುದಿಲ್ಲವಂತೆ. ತಿಪ್ಪೇಶನನ್ನು ನಾನು ನೋಡಿದ್ದು ಅದೇ ಮೊದಲು. ಮೀಸೆ ಸರಿಯಾಗಿ ಮೂಡಿರದ ಹುಡುಗ. ಮೈ ತುಂಬಿಕೊಂಡಿದ್ದ. ಮಗ ಚೆನ್ನಾಗಿದ್ದಾನೆಂದು ಗಂಗವ್ವನಿಗೆ ಒಂದು ಗಳಿಗೆ ಸಂತೋಷವೇ ಆಯಿತು.

"ನಡುವೆ ಜ್ವರ ಬಂದಿತ್ತವ್ವಾ" ಎಂದ. "ಡಾಕ್ಟ್ರು ದಿನಾ ಬಂದು ನೋಡಿದ್ರು. ಸೂಜಿ ಹಾಕಿದ್ರು, ಹಾಲು ಕೊಟ್ರು. ನಮ್ಮೂರಾಗೆ ಇಂಥಾ ಡಾಕ್ಟ್ರು ಇದ್ದಿದ್ರೆ ಅಪ್ಪ ಉಳೀತಿದ್ದ."

"ಆರಾಮ ಇರಬೇಕಲ್ರಿ" ಎಂದ ಕಾವಲಿನವನು, ಹೆಮ್ಮೆಯಿಂದಲೇ. "ಕಾಯಿಲೆಯವರನ್ನ ಏರಿಸಂಗಿಲ್ಲ."

ತಿಪ್ಪೇಶ ಹುಸೇನಮ್ಮನ ಕಡೆ ನೋಡಲಿಲ್ಲ. ಸರಳಿಗೆ ಹಣೆ ಹಚ್ಚಿ, "ಯವ್ವಾ, ಸಾಬಣ್ಣ ನನ್ನ ನೋಡಿ, ಏನಲೇ ತಿಪ್ಪಾ, ಉಂಡ್ಯಾ ಅಂದ. ಅಂದೋನಿಗೆ ಹೊಡದೆ" ಎಂದು ಅತ್ತ. ಗಂಡನ ಕೊನೆಯ ಮಾತು ಹುಸೇನಮ್ಮನಿಗೆ ತಿಳಿದದ್ದು ಅಲ್ಲಿ.

"ನಾನು ಬಿಟ್ಟೀನಪ್ಪಾ" ಎಂದಳು ಆಮೇಲೆ. "ನಾನು ಬಿಟ್ಟು ಭಾಳ ದಿನ ಆತು. ಇವರು ಬಿಡವಲ್ರು."

ಹೊರಡುವಾಗ ಆಕೆಯ ಕಣ್ಣು ಕೋಣೆಯ ನೆಲದ ಮೇಲೆ ಬಿತ್ತು. ಚಾಪೆ, ಒಂದು ಕಂಬಳಿ, ಅಷ್ಟೆ. ತಲೆಗೆ ಇಟ್ಟುಕೊಳ್ಳಲು ಏನೂ ಇಲ್ಲ. ಒಂದು ದಿಂಬು ಹೊಲಿದು ಕಳಿಸುತ್ತೇನೆ, ಕೊಡುತ್ತೀರಾ ಎಂದು ಕಾವಲಿನವನನ್ನು ಕೇಳಿದಳು. ಕೊಡುವಂತಿಲ್ಲ ಎಂದ ಅವನು. "ಉಸಿರು ಕಟ್ಟಿಕೊಂಡು ಸತ್ತುಗಿತ್ತಾನು ಅಂತ ರೂಲ್ಸು ಐತೆ. ಜೀವಕ್ಕೆ ಏನಾದ್ರೂ ಆದ್ರೆ ನಮ್ಮ ನೌಕರಿ ಹೋಗ್ತೈತೆ."

ಹುಸೇನಮ್ಮ ನಕ್ಕಳು. ಅಂಥ ನಗೆಯನ್ನು ನಾನು ಮತ್ತೆ ಕೇಳಿಲ್ಲ, ಕೇಳುವ ಆಸೆಯೂ ಇಲ್ಲ. "ಸಾಯದಂಗೆ ಕಾಯ್ತೀರಿ, ಸಾಯ್ಸಾಕೆ!" ಎಂದಳು. "ತೌಬಾ, ತೌಬಾ. ನಮ್ಮ ತಿಪ್ಪೇಶ ಕೊಡಲಿ ಎತ್ತಿದಾಗ ತಲೀಗೆ ಸಿಟ್ಟು ಏರಿತ್ತು. ನಿಮಗೆ ಏನು ಏರೈತೆ?"

'ನಮ್ಮ ತಿಪ್ಪೇಶ' ಎಂದಳು. ಆ ಮಾತು ಆಡಿದ್ದು ಆಕೆಗೆ ತಿಳಿಯಲಿಲ್ಲವೆಂದು ಕಾಣುತ್ತದೆ. ಗಂಗವ್ವ ಆಕೆಯ ಕೈ ಹಿಡಿದುಕೊಂಡಳು.

ಅರ್ಜಿಗಳು ಒಂದರ ಹಿಂದೆ ಒಂದು ತಿರಸ್ಕಾರವಾಗಿ ಬಂದವು. ಪರಿಶೀಲಿಸಲಾಗಿದೆ, ಒಪ್ಪಲು ಕಾರಣ ಕಂಡುಬಂದಿಲ್ಲ, ಇಷ್ಟೇ. ಕೊಲೆಯಾದವನ ಹೆಂಡತಿಯ ಹೆಬ್ಬೆಟ್ಟು ಅವರಿಗೆ ಕಾರಣವಾಗಿ ಕಾಣಲಿಲ್ಲ. ಒಂದು ಶುಕ್ರವಾರ ಗಂಗವ್ವನೂ ಗೌಡರೂ ಜೈಲಿಗೆ ಹೋದರು, ಶನಿವಾರ ಹೆಣದ ಜೊತೆ ಬಂದರು. ಮೆರವಣಿಗೆ ಮಾಡಕೂಡದು, ಬಾಜಾ ಬಜಂತ್ರಿ ಇರಕೂಡದು ಎಂದು ಬರೆಸಿಕೊಂಡು ಕೊಟ್ಟಿದ್ದರಂತೆ. ಗಂಗವ್ವ ಬಾಜಾ ಬಾರಿಸಿಯಾಳೆಂದು ಆ ಪುಣ್ಯಾತ್ಮರಿಗೆ ಭಯ.

ಹುಸೇನಮ್ಮನಿಗೆ ಸುದ್ದಿ ತಂದವನು ಸೈಕಲ್ಲಿನ ಮೇಲೆ ಬಂದ ಒಬ್ಬ ಪೊಲೀಸು. ಅವನು ಕೆಟ್ಟವನಲ್ಲ, ಒಳ್ಳೆಯ ಸುದ್ದಿ ಎಂದೇ ತಿಳಿದು ಬಂದಿದ್ದ. "ಬೂಬಮ್ಮಾ, ಮುಂಜಾನೆ ಆತಂತೆ. ನಿಮಗೆ ನ್ಯಾಯ ಸಿಕ್ತು ನೋಡ್ರಿ" ಎಂದ. ಹುಸೇನಮ್ಮ ಬಯ್ಯಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ; ಅನ್ನ ಮಾಡಿ, ಬಟ್ಟೆಯಲ್ಲಿ ಕಟ್ಟಿಕೊಂಡು, ನಂದಿಗುಡಿ ಕಡೆಯ ಬಸ್ಸು ಹತ್ತಿದಳು. ಗಂಗವ್ವ ಆ ಅನ್ನ ಉಂಡಳೆಂದು ಆಮೇಲೆ ಕೇಳಿದೆ. ಹಳ್ಳಿಯ ಕೆಲವರು ಅದಕ್ಕೂ ಮೂಗು ಮುರಿದರಂತೆ. ಜೀವ ತೆಗೆದದ್ದು ಅವರಿಗೆ ಮ್ಲೇಚ್ಛವಾಗಿ ಕಾಣಲಿಲ್ಲ, ಅನ್ನ ಕಂಡಿತು.

ವರ್ಷಗಳು ಹೋದವು. ಹುಸೇನಮ್ಮ ಗಾದಿ ಹೊಲಿಯುತ್ತಾ, ಬಯ್ಯುತ್ತಾ ಬದುಕಿದಳು. ಹೊಳೆಸಾಲಿಗೆ ಹೋದಾಗಲೆಲ್ಲ ಗಂಗವ್ವನ ಮನೆಯಲ್ಲಿ ಇಳಿದುಕೊಂಡು ಬರುತ್ತಿದ್ದಳು. ಅರವತ್ತರ ದಶಕದಲ್ಲಿ ನನ್ನ ಯಜಮಾನರಿಗೆ ಬೇರೆ ಊರಿನಲ್ಲಿ ಕೆಲಸವಾಗಿ ನಾವು ದಾವಣಗೆರೆ ಬಿಟ್ಟೆವು. ಆಮೇಲೆ ಆಕೆ ಮಾಮೂಲಿ ಜ್ವರದಲ್ಲಿ ತೀರಿಕೊಂಡಳು, ನನಗೆ ತಿಳಿದದ್ದು ತಡವಾಗಿ. ಆದ್ದರಿಂದ ನನ್ನ ಪಾಲಿಗೆ ಹುಸೇನಮ್ಮನ ಕೊನೆಯ ಚಿತ್ರ ಎಂದರೆ ನಾವು ಊರು ಬಿಡುವ ಮುಂಚಿನ ಒಂದು ಸಂಜೆಯದು.

ಮರಣದಂಡನೆ ಇರಬೇಕೋ ಬೇಡವೋ ಎಂಬ ಮಾತು ಆಗ ದೆಹಲಿಯಲ್ಲೂ ನಡೆದಿತ್ತು, ಪತ್ರಿಕೆಗಳಲ್ಲೂ ಬರುತ್ತಿತ್ತು. ನಮ್ಮೂರಿನ ಒಂದು ಸಂಘದವರಿಗೂ ಉಮೇದು ಬಂದು ಚರ್ಚಾಕೂಟ ಇಟ್ಟರು. ಬೆಂಚು, ಮೈಕು, ಅಧ್ಯಕ್ಷರಿಗೆ ಹಾರ. ನಾನು ಹೋಗುತ್ತೇನೆಂದು ಹೇಳಿದ್ದಕ್ಕೆ ಹುಸೇನಮ್ಮ ಒಗೆದ ಸೀರೆ ಉಟ್ಟು ಜೊತೆಗೆ ಬಂದಳು. ಹೆಂಗಸರ ಸಾಲಿನಲ್ಲಿ ಹಿಂದೆ ಕೂತೆವು. ಬೇಡ ಎನ್ನುವ ಪಕ್ಷದವರು ಯುರೋಪಿನ ದೇಶಗಳ ಪಟ್ಟಿ ಓದಿದರು. ಬೇಕು ಎನ್ನುವ ಪಕ್ಷದ ಒಬ್ಬ ಎಳೆಯ ವಕೀಲ ಎದ್ದ. ದನಿ ಚೆನ್ನಾಗಿತ್ತು, ತಲೆಗೂದಲು ಇನ್ನೂ ಚೆನ್ನಾಗಿತ್ತು.

"ಮಾನ್ಯರೇ, ಕೊಲೆಗಾರನ ಮೇಲೆ ಕನಿಕರ ತೋರಿಸುವವರು ಕೊಲೆಯಾದವನ ಹೆಂಡತಿಯನ್ನು ಒಮ್ಮೆ ನೆನೆಯಲಿ! ಆ ವಿಧವೆಯ ಕಣ್ಣೀರಿಗೆ ನಾವೇನು ಉತ್ತರ ಕೊಡೋಣ?"

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವುದರೊಳಗೆ ನನ್ನ ಪಕ್ಕದ ಜಾಗ ಖಾಲಿಯಾಗಿತ್ತು. ಹುಸೇನಮ್ಮ ಎದ್ದು ನಡುವಿನ ದಾರಿಯಲ್ಲಿ ನಿಂತಿದ್ದಳು.

"ಏನು ಉತ್ತರ ಕೊಡ್ತೀಯಪ್ಪಾ? ಕೊಡು. ಬಂದೀನಿ."

ಸಭೆಯೆಲ್ಲ ತಿರುಗಿತು. ಅಧ್ಯಕ್ಷರು, ಕೂಡ್ರಮ್ಮ, ಸಭಿಕರಿಗೆ ಆಮೇಲೆ ಅವಕಾಶ ಇದೆ ಎಂದರು. ಅಧ್ಯಕ್ಷರು ಬೇರೆ ಯಾರೂ ಅಲ್ಲ, ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ದಯಾ ಅರ್ಜಿಯ ದಾರಿ ಹೇಳಿದ್ದ ಅದೇ ದೊಡ್ಡ ವಕೀಲರು. ಆಕೆಯ ಗುರುತು ಹತ್ತಿ ಅವರ ಮುಖ ಬಾಡಿತು.

"ನೀವು ಹೇಳೋ ಹೆಂಡ್ತಿ ನಾನು. ಇಮಾಮ್ ಸಾಬನ ಹೆಂಡ್ತಿ. ನಾನು ಮಾಫ್ ಮಾಡೀನಿ ಅಂದೆ. ನಿನಗೆ ಹಕ್ಕಿಲ್ಲ, ನೀನು ಬರೀ ಸಾಕ್ಷಿ ಅಂದ್ರಿ. ಕೊಂದ್ರಿ. ಆತು, ಒಂದು ಮಾತು ಕೇಳ್ತೀನಿ. ನಾಳೆ ಯಾರಾದ್ರೂ ನನ್ನನ್ನೇ ಕೊಂದ್ರೆ? ಇಲ್ಲಿ ಕೂತೋರೆಲ್ಲಾ ಕೇಳಿಸ್ಕೊಳ್ರಿ, ಅವನನ್ನ ನಾನು ಈಗ್ಲೇ ಮಾಫ್ ಮಾಡೀನಿ. ಸತ್ತೋಳೇ ಬ್ಯಾಡ ಅಂದ ಮ್ಯಾಲೆ ಅವಾಗಾದ್ರೂ ಬಿಡ್ತೀರಾ?"

ಎಳೆಯ ವಕೀಲ ಅಧ್ಯಕ್ಷರ ಕಡೆ ನೋಡಿದ. ಅವರು ಮೈಕನ್ನು ಪಕ್ಕಕ್ಕೆ ಸರಿಸಿ, ತಲೆ ತಗ್ಗಿಸಿ ಹೇಳಿದರು. "ಅದಕ್ಕೂ ಕಾನೂನಿನಲ್ಲಿ ಅವಕಾಶ ಇಲ್ಲಮ್ಮ."

"ಹಂಗಾದ್ರೆ ಇನ್ನು ಮ್ಯಾಲೆ ನನ್ನ ಹೆಸರು ಎತ್ತಬ್ಯಾಡ್ರಿ" ಎಂದಳು ಹುಸೇನಮ್ಮ. "ನಿನಗೋಸ್ಕರ ಕೊಲ್ತೀವಿ ಅನ್ನಬ್ಯಾಡ್ರಿ. ನಮಗೆ ಬೇಕಾಗೈತೆ, ಕೊಲ್ತೀವಿ ಅನ್ರಿ."

ತಿರುಗಿ ಬಂದು ನನ್ನ ಪಕ್ಕ ಕೂತಳು. ಮಿಕ್ಕ ಭಾಷಣಗಳು ಬೇಗ ಮುಗಿದವು. ಕಾರ್ಯಕ್ರಮದಲ್ಲಿ ಇದ್ದಂತೆ ಕೊನೆಗೆ ಸಭಿಕರ ಅಭಿಪ್ರಾಯ ಕೇಳಿದರು: ಗಲ್ಲು ಬೇಕು ಎನ್ನುವವರು ಕೈ ಎತ್ತಿ. ಮೊದಲು ಎರಡೋ ಮೂರೋ ಕೈ, ಅಳುಕುತ್ತಾ. ಅವನ್ನು ನೋಡಿ ಇನ್ನಷ್ಟು. ನೋಡುನೋಡುತ್ತಿದ್ದಂತೆ ಸಭೆ ತುಂಬ ಕೈಗಳು. ಹುಸೇನಮ್ಮ ಕತ್ತು ಎತ್ತಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದಳು. ಆಕೆಯ ಕಣ್ಣು ಮುಟ್ಟಿದ ಕೂಡಲೇ ಅವರು ಮುಖವನ್ನು ಬೇರೆ ಕಡೆ ತಿರುಗಿಸಿದರು. ಕೈಯನ್ನು ಯಾರೂ ಇಳಿಸಲಿಲ್ಲ.